ಮುಕ್ಕಾಲು ಹೊಟ್ಟೆಗೊಂದು ಎಲೆ

ಮುಂಬಯಿಯ ಸಯನ್‌ನ ಅನ್ನಪೂರ್ಣಾ ಬಿಲ್ಡಿಂಗಿನ ಮೂರನೇ ಮಹಡಿಯ ತಿರುಮಲೇಶ ಬದುಕಿಲ್ಲವೆಂದು ಮೊದಲು ಅನುಮಾನಪಟ್ಟವರು ಅವನನ್ನು ಹೆತ್ತ ತಾಯಿ ಅಮ್ಮಣ್ಣಿಯವರು. ಆ ಹೊತ್ತಿನಲ್ಲಿ ತಿರುಮಲೇಶ ಅವರ ಎದುರಿಗೇ ಊಟದ ಮೇಜಿಗೆ ಕುಳಿತಿದ್ದ. ಕುಳಿತಿದ್ದನೇ ಹೊರತು ಉಣ್ಣುತ್ತಿರಲಿಲ್ಲ, ಅನುಮಾನಕ್ಕೆ ಅದೇ ಕಾರಣ. ಐವತ್ತೊಂದು ವರ್ಷಗಳಲ್ಲಿ ಬಡಿಸಿದ ತಟ್ಟೆ ಬಿಟ್ಟು ಎದ್ದ ತಿರುಮಲೇಶನನ್ನು ಕಂಡವರಿಲ್ಲ. ಸ್ವಂತ ತಂದೆಯ ವೈಕುಂಠ ಸಮಾರಾಧನೆಯಲ್ಲಿ ಬಡಿಸುವವರು ಸುಸ್ತಾಗಿ ನಿಂತ ಮೇಲೂ ಎರಡು ವಡೆ ಕೇಳಿ ಹಾಕಿಸಿಕೊಂಡ ಸತ್ಪುತ್ರ ಅವನು.

ಆಫೀಸಿನ ಟ್ರೇನಿಂಗಿಗೆಂದು ಐದು ದಿನ ಪುಣೆಗೆ ಹೋಗಿ ಬಂದಿದ್ದ. ಬಂದವನು ಬಿಸಿಬೇಳೆಬಾತನ್ನು ಒಂದು ಗಳಿಗೆ ನೋಡಿದ. ಕಣ್ಣಲ್ಲಿ ನೀರು ತುಂಬಿತು. ಲೋಟದಲ್ಲಿದ್ದ ತಿಳಿಸಾರನ್ನು ಚಮಚದಲ್ಲಿ ಎರಡು ಸಲ ತುಟಿಗೆ ಮುಟ್ಟಿಸಿ, "ಹೊಟ್ಟೆ ತುಂಬಿತು" ಎಂದು ಎದ್ದು ಹೋದ. ಅವನು ಎದ್ದಾಗಲೆಲ್ಲ ನರಳುತ್ತಿದ್ದ ಕುರ್ಚಿ ಆ ದಿನ ಸದ್ದು ಮಾಡಲಿಲ್ಲ.

ಅಮ್ಮಣ್ಣಿಯವರು ಸೊಸೆಯ ಕಿವಿಯ ಹತ್ತಿರ ಬಗ್ಗಿದರು. "ಪ್ರಿಯಂವದಾ, ಪುಣೆಗೆ ಹೋದೋನು ನನ್ನ ಮಗ. ವಾಪಸ್ ಬಂದಿರೋದು ಯಾರು ಅಂತ ಸ್ವಲ್ಪ ವಿಚಾರ್ಸು."

ಪ್ರಿಯಂವದಾ ನಗಲಿಲ್ಲ. ನಗಬೇಕಿತ್ತು, ಆದರೆ ಅವಳಿಗೂ ಅದೇ ಅನುಮಾನ ತಟ್ಟಿತ್ತು.

ಇದಕ್ಕೆಲ್ಲ ಮೂಲ ಇನ್ನೊಂದು ಕುರ್ಚಿ. ಯುಗಾದಿಯ ಮರುವಾರ ಕನ್ನಡ ಸಂಘದ ವೇದಿಕೆಯಲ್ಲಿ ವಂದನಾರ್ಪಣೆ ಮಾಡಲು ತಿರುಮಲೇಶ ಎದ್ದಾಗ ಪ್ಲಾಸ್ಟಿಕ್ ಕುರ್ಚಿಯೂ ಅವನ ಜೊತೆಗೇ ಎದ್ದಿತು. ಮೈಕಿನವರೆಗೆ ನಾಲ್ಕು ಹೆಜ್ಜೆ ಜೊತೆಯಲ್ಲೇ ಬಂದಿತು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನೂರಾ ಮೂವತ್ತೊಂದು ಕೆಜಿಯ ಮಾನ ಹೋಗುವಾಗ ಸುಮ್ಮನೆ ಹೋಗುವುದಿಲ್ಲ. ತಿರುಮಲೇಶ ಕುರ್ಚಿಯನ್ನು ಬಿಡಿಸಿ ಪಕ್ಕಕ್ಕಿಟ್ಟು, ಮೈಕು ಹಿಡಿದು ಗುಡುಗಿದ: "ಇದೇ ಕುರ್ಚಿ ಸಾಕ್ಷಿ! ದೀಪಾವಳಿ ಒಳಗೆ ನಲವತ್ತು ಕೆಜಿ ಇಳಿಸ್ತೀನಿ. ಡಾಕ್ಟರಿಲ್ಲ, ಔಷಧಿಯಿಲ್ಲ. ಬರೀ ಸಂಕಲ್ಪಬಲ!" ಮೊದಲು ಚಪ್ಪಾಳೆ ತಟ್ಟಿದವಳು ಪ್ರಿಯಂವದಾ. ಆಮೇಲೆ ಎಲ್ಲರೂ ತಟ್ಟಿದರು.

ಎರಡು ತಿಂಗಳಲ್ಲಿ ಸಂಕಲ್ಪಬಲದಿಂದ ಮೂರು ಕೆಜಿ ಹೆಚ್ಚಾಯಿತು.

ಆಗ ಅವನಿಗೆ ಲೋಕಲ್ ಟ್ರೇನಿನಲ್ಲಿ ಅಂಟಿಸಿದ್ದ ಜಾಹೀರಾತೊಂದು ಕಣ್ಣಿಗೆ ಬಿತ್ತು. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ, ಉಳಿದ ಕಾಲು ಭಾಗದಲ್ಲಿ ಮನುಷ್ಯ ಬಳುಕುತ್ತಾ ಓಡಾಡುತ್ತಾನೆ. ಆಸ್ಪತ್ರೆ ಬೊರಿವಲಿಯಲ್ಲಿತ್ತು. ಸಯನ್‌ನವರು ಬೊರಿವಲಿಗೆ ಹೋಗುವುದು ಮದುವೆಗೋ ತಿಥಿಗೋ ಮಾತ್ರ, ಆದ್ದರಿಂದ ಗುಟ್ಟಿಗೆ ಅದಕ್ಕಿಂತ ಪ್ರಶಸ್ತವಾದ ಸ್ಥಳ ಬೇರೆ ಇರಲಿಲ್ಲ. ತೊಡಕು ಒಂದೇ. ಆಪರೇಷನ್ನಿಗೆ ಮುಂಚೆ ಮನೆಯವರೊಬ್ಬರು ಜೊತೆಗೆ ಬಂದು ಅಪಾಯಗಳನ್ನು ಕೇಳಿ ತಿಳಿದು ಸಹಿ ಹಾಕಬೇಕು ಎಂದರು.

ಹೆಂಡತಿಗೆ ಹೇಳಿದರೆ ಸಂಕಲ್ಪಬಲದ ಬಣ್ಣ ಬಯಲಾಗುತ್ತದೆ. ತಾಯಿಗೆ ಹೇಳಿದರೆ ಮೈಸೂರಿನವರೆಗೆ ಸುದ್ದಿ. ಮಗಳು ಧಾತ್ರಿಗೆ ಹೇಳಿದರೆ ಫೋಟೋ ಸಮೇತ ಊರಿಗೆಲ್ಲ ಸುದ್ದಿ. ತಿರುಮಲೇಶ ಬಹಳ ಯೋಚಿಸಿ ದೂಜನನ್ನು ಹಿಡಿದ.

ದೂಜ ಸಯನ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಸಪ್ಲಾಯರ್. ಕಾರ್ಕಳದ ಕಡೆಯವನು, ತೂಕ ನಲವತ್ತೇಳು ಕೆಜಿ. ಎಂಟು ಟೇಬಲ್ಲಿನ ಆರ್ಡರನ್ನು ಚೀಟಿಯಿಲ್ಲದೆ ತಲೆಯಲ್ಲಿಟ್ಟುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿನಲ್ಲಿ ಕೂಗಿ ಒಪ್ಪಿಸುವುದು ಅವನ ವಿದ್ಯೆ. ಒಂದು ಚಟ್ನಿ ಕೂಡ ಇವತ್ತಿನವರೆಗೆ ಆಚೀಚೆಯಾಗಿಲ್ಲ. ತಿರುಮಲೇಶ ತಿಂದದ್ದನ್ನೆಲ್ಲ ಇಪ್ಪತ್ತು ವರ್ಷ ತಂದಿಟ್ಟವನು ಅವನೇ, ಹಾಗಾಗಿ ಸಂಬಂಧವೇ ಇಲ್ಲ ಎನ್ನುವಂತಿರಲಿಲ್ಲ.

ಬೊರಿವಲಿಯಲ್ಲಿ ತಿಳಿವಳಿಕೆ ಹೇಳುವ ಕೆಲಸ ಯಕ್ಷಿತಾ ಎಂಬ ಹುಡುಗಿಯದು. ಮನೆತನ ಮಂಗಳೂರಿನದು, ಹುಟ್ಟಿದ್ದು ಮುಂಬಯಿಯಲ್ಲಿ. ಅವಳು ತಿರುಮಲೇಶನನ್ನು ನೋಡಿದಳು, ದೂಜನನ್ನು ನೋಡಿದಳು, ಫಾರ್ಮಿನಲ್ಲಿ 'ಸಂಬಂಧ: ತಮ್ಮ' ಎಂದಿದ್ದನ್ನು ಇನ್ನೊಮ್ಮೆ ನೋಡಿದಳು.

"ಸಗಾ ಭಾಯ್?"

"ಹೌದು ಮೇಡಂ. ತಾಯಿ ಒಬ್ಬಳೇ. ಊಟ ಮಾತ್ರ ಇವರಿಗೆ ಹೋಯಿತು" ಎಂದ ದೂಜ.

ಯಕ್ಷಿತಾ ಹನ್ನೊಂದು ಪುಟಗಳ ಕಾಗದ ಮುಂದಿಟ್ಟಳು. "ಅಂಕಲ್, ಇದು ಪೂರಾ ಓದ್ಬೇಕು. ಎವ್ರಿ ಲೈನ್. ಇದು ಕಟ್ ಮಾಡಿದ್ರೆ ವಾಪಸ್ ಜೋಡಿಸ್ಲಿಕ್ಕೆ ಆಗೋದಿಲ್ಲ, ಸಮ್ಝೇ ನಾ?"

ಇಲ್ಲಿ ಒಂದು ವಿಷಯ ಹೇಳಲೇಬೇಕು. ತಿರುಮಲೇಶ ಒಂದು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಸೂಪರಿಂಟೆಂಡೆಂಟ್. 'ಷರತ್ತುಗಳನ್ನು ಓದದೆ ಸಹಿ ಮಾಡಿದ್ದಕ್ಕೆ ನಾವು ಹೊಣೆಯಲ್ಲ' ಎಂದು ಬರೆದು ಬರೆದು ಅವನ ಬಲಗೈ ಬೆರಳು ದಡ್ಡುಗಟ್ಟಿದೆ. ಆ ಬೆರಳಿನಿಂದಲೇ ಅವನು ಹನ್ನೊಂದು ಪುಟಗಳನ್ನು ಸರಸರನೆ ಮಗುಚಿ ಹನ್ನೊಂದು ಸಹಿ ಹಾಕಿದ. ಆಮೇಲೆ ಮೇಜಿನ ಮೇಲಿದ್ದ 'ಹಿಂದೆ ಮತ್ತು ಈಗ' ಫೋಟೋಗಳ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ದೂಜ ಮಾತ್ರ ಕೈಕಟ್ಟಿ ನಿಂತು, ಗಿರಾಕಿ ಆರ್ಡರು ಕೊಡುತ್ತಿದ್ದಾನೆಂಬಂತೆ ಕಿವಿಗೊಟ್ಟು ಕೇಳಿದ. ಯಕ್ಷಿತಾ ಮುಗಿಸಿದಾಗ ಅಭ್ಯಾಸಬಲದಿಂದ ಒಪ್ಪಿಸಿಬಿಟ್ಟ.

"ಹೊಲಿಗೆಯ ಜಾಗದಲ್ಲಿ ಲೀಕು ಒಂದು, ಬ್ಲೀಡಿಂಗು ಒಂದು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುದೊಂದು, ಪಿತ್ತಕೋಶದ ಕಲ್ಲು, ವಾಂತಿ, ಹುಳಿತೇಗು, ಕೂದಲುದುರುದು, ವಿಟಮಿನ್ ಮಾತ್ರೆ ಜೀವಮಾನ ಪೂರ್ತಿ, ಸಿಹಿ ತಿಂದ್ರೆ ಬೆವರು ತಲೆಸುತ್ತು, ಮೊದಲ ತಿಂಗಳು ಗಟ್ಟಿ ಪದಾರ್ಥ ಬಂದ್. ನಾಡಿ ನೂರಿಪ್ಪತ್ತು ದಾಟಿದ್ರೆ, ಜ್ವರ ಬಂದ್ರೆ, ಎಡಭುಜ ನೋವಾದ್ರೆ ಹೊಟ್ಟೆನೋವು ಇಲ್ಲದಿದ್ರೂ ಒಂದು ನಿಮಿಷ ಕಾಯ್ಲಿಕ್ಕಿಲ್ಲ. ಸಾವು, ಸಾವಿರಕ್ಕೆ ಒಂದೋ ಎರಡೋ. ಮತ್ತೆಂತ ಮೇಡಂ?"

ಯಕ್ಷಿತಾ ಬಾಯಿ ತೆರೆದವಳು ಹಾಗೇ ಕುಳಿತಳು. ಅವಳಿಗೇ ಎರಡು ಅಂಶ ಮರೆತುಹೋಗುತ್ತಿದ್ದವಂತೆ.

"ಒಂದು ಕೇಳುದುಂಟು" ಎಂದ ದೂಜ. "ತೆಗೆದ ಹೊಟ್ಟೆಯನ್ನು ಎಂತ ಮಾಡ್ತೀರಿ?"

"ಲ್ಯಾಬ್‌ಗೆ ಹೋಗುತ್ತೆ, ಟೆಸ್ಟಿಗೆ. ಆಮೇಲೆ ಡಿಸ್ಪೋಸ್."

"ಅಂದ್ರೆ ಉತ್ತರಕ್ರಿಯೆ, ಬೊಜ್ಜ ಎಂತದೂ ಇಲ್ಲ?" ದೂಜನ ಮುಖ ಸಣ್ಣದಾಯಿತು. "ಐವತ್ತೊಂದು ವರ್ಷ ದುಡಿದ ಹೊಟ್ಟೆ ಮೇಡಂ ಅದು. ನಾನು ಕಂಡದ್ದು."

ಮನೆಯಲ್ಲಿ ಪುಣೆಯೆಂದು ಹೇಳಿ ಬೊರಿವಲಿಯಲ್ಲಿ ಮಾಡಿಸಿಕೊಂಡ ಆಪರೇಷನ್ ಸುಸೂತ್ರವಾಯಿತು. ಡಾಕ್ಟರ ತಪ್ಪು ಒಂದಿಲ್ಲ. ಬೆಳ್ಳನೆಯ ದೀಪದ ಕೆಳಗೆ ಹತ್ತರಿಂದ ಹಿಂದಕ್ಕೆ ಎಣಿಸಿ ಎಂದರು. ತಿರುಮಲೇಶ ಹತ್ತು, ಒಂಬತ್ತು, ಎಂಟು, ಏಳು ಎಂದ. ಆರು ಎಂದದ್ದು ಅವನಿಗೆ ನೆನಪಿಲ್ಲ. ಎಚ್ಚರವಾದಾಗ ಹೊಟ್ಟೆಯ ಮೇಲೆ ಐದು ಪಟ್ಟಿ, ಕಾಲಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಮೊಣಕಾಲಿನವರೆಗೆ ಬಿಗಿಯಾದ ಬಿಳಿ ಕಾಲುಚೀಲ, ಕೈಯಲ್ಲಿ ಮೂರು ಗೋಲಿಗಳಿರುವ ಪ್ಲಾಸ್ಟಿಕ್ ಕೊಳವೆ. ಉಸಿರು ಎಳೆದಷ್ಟೂ ಗೋಲಿ ಮೇಲೇಳುತ್ತವೆ, ಶ್ವಾಸಕೋಶಕ್ಕೆ ಒಳ್ಳೆಯದು ಎಂದರು. ದಿನಕ್ಕೆ ಮೂರು ಸಲ ನಡೆಯಬೇಕು ಎಂದರು. ಅಪಾಯ ಕಂಡರೆ ಕರೆಯಬೇಕಾದ ನಂಬರಿನ ಕೆಂಪು ಕಾರ್ಡು ಕೊಟ್ಟರು. ಅದು ಮನೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದೀತೆಂದು ತಿರುಮಲೇಶ ದೂಜನ ಜೇಬಿಗೆ ಹಾಕಿದ.

ಹಸಿವು ಎಂಬುದು ಎಲ್ಲೂ ಇರಲಿಲ್ಲ. ಅದನ್ನೂ ಮುಕ್ಕಾಲು ಹೊಟ್ಟೆಯ ಜೊತೆಗೇ ತೆಗೆದಿದ್ದರು. ಊಟದ ಹೊತ್ತಿಗೆ ಒಳಗಿನಿಂದ ಯಾರೋ ಕೂಗುವುದು ಐವತ್ತೊಂದು ವರ್ಷದ ಅಭ್ಯಾಸ. ಈಗ ಅವನು ಕಿವಿಗೊಟ್ಟು ಕುಳಿತರೂ ಆ ಕಡೆಯಿಂದ ಉತ್ತರವಿಲ್ಲ. ನಿಜ ಹೇಳಬೇಕೆಂದರೆ ಇದಕ್ಕೆ ಅವನೇ ಎಲ್ಲರಿಗಿಂತ ಮೊದಲು ಹೆದರಿದ.

ಆಮೇಲೆ ಅನ್ನಪೂರ್ಣಾ ಬಿಲ್ಡಿಂಗಿನ ಸರದಿ.

ಬೆನ್ನು ಹಿಡಿದಿದೆಯೆಂದು ಅವನು ಆಫೀಸಿಗೆ ರಜೆ ಹಾಕಿ ಹಾಲ್‌ನಲ್ಲಿದ್ದ ದಿವಾನದ ಮೇಲೆ ಮಲಗಲು ಶುರುಮಾಡಿದ. ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡರೆ ಒಳಗಿನಿಂದ ನೀರಿನ ಸದ್ದಿಲ್ಲ. ದೀರ್ಘವಾದ ಒಂದು ಉಸಿರು, ಆಮೇಲೆ ಟಕ್, ಟಕ್, ಟಕ್. ಮತ್ತೆ ಉಸಿರು, ಮತ್ತೆ ಟಕ್, ಟಕ್, ಟಕ್. ಪ್ರಿಯಂವದಾ ಬಾಗಿಲಿಗೆ ಕಿವಿಯಿಟ್ಟು ನಿಂತು, "ಏನ್ರೀ ಅದು?" ಎಂದರೆ ಸದ್ದು ಥಟ್ಟನೆ ನಿಂತುಹೋಗುತ್ತಿತ್ತು. "ಏನಿಲ್ಲ" ಎಂಬ ದನಿ ಬಹಳ ದೂರದಿಂದ ಬಂದಂತೆ ಕೇಳುತ್ತಿತ್ತು. ಅಷ್ಟು ದೂರ ಆ ಬಚ್ಚಲುಮನೆಯಲ್ಲಿ ಇರಲೇ ಇಲ್ಲ.

ಮಟಮಟ ಮಧ್ಯಾಹ್ನ ಬಿಲ್ಡಿಂಗೆಲ್ಲ ಉಂಡು ಮಲಗಿದಾಗ ಮೂರನೇ ಮಹಡಿಯ ಪ್ಯಾಸೇಜಿನಲ್ಲಿ ಹೆಜ್ಜೆ ಸಪ್ಪಳ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಗೋಡೆಯ ಮೇಲೆ, ತಿರುಮಲೇಶ ಆ ತುದಿಯಿಂದ ಈ ತುದಿಗೆ ತುಟಿ ಪಿಟಿಪಿಟಿ ಎನ್ನಿಸುತ್ತಾ ನಡೆಯುತ್ತಿದ್ದ. ಅವನು ಎಣಿಸುತ್ತಿದ್ದುದು ಹೆಜ್ಜೆಯನ್ನು. ಎದುರುಮನೆಯ ಶಿವಕುಮಾರಿ ಬಾಗಿಲ ಗಾಜಿನ ಕಣ್ಣಿನಿಂದ ನೋಡಿ ಮಂತ್ರವೆಂದು ತೀರ್ಮಾನಿಸಿದಳು. ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಹಿಂದಿನ ಮೆಟ್ಟಿಲಿನಿಂದ ಸಣಕಲು ಮನುಷ್ಯನೊಬ್ಬ ಸದ್ದಿಲ್ಲದೆ ಬಂದು ಸ್ಟೀಲು ಡಬ್ಬಿ ಕೊಡುವುದನ್ನೂ, ತಿರುಮಲೇಶ ಗೋಡೆಗೆ ಮುಖಮಾಡಿ ಅದನ್ನು ಗುಟುಕು ಗುಟುಕಾಗಿ ಹೀರುವುದನ್ನೂ ಕಂಡಳು. ದೂಜ ತರುತ್ತಿದ್ದುದು ಸೋಸಿದ ಬೇಳೆಕಟ್ಟು. ಶಿವಕುಮಾರಿ ಅದು ಏನೆಂದುಕೊಂಡಳೋ, ಆವತ್ತಿನಿಂದ ಆ ಕಣ್ಣಿಗೆ ಬ್ಯಾಂಡೇಜು ಪಟ್ಟಿ ಅಂಟಿಸಿದಳು. ದಿನಕ್ಕೆ ಹತ್ತು ಸಲ ಅದನ್ನು ಕಿತ್ತು ನೋಡಿ ಮತ್ತೆ ಅಂಟಿಸುತ್ತಿದ್ದಳು.

ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಮೂರನೇ ಮಹಡಿಯ ಮಾತು ಬಂದರೆ ಕೈಮುಗಿದ ಚಿಹ್ನೆಗಳಷ್ಟೇ ಬರತೊಡಗಿದವು. ಸೊಸೈಟಿ ಸೆಕ್ರೆಟರಿ ಲಿಫ್ಟಿನೊಳಗೆ ನೋಟೀಸು ಹಚ್ಚಿದರು: ಮೂರನೇ ಮಹಡಿಯ ಪ್ಯಾಸೇಜಿಗೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮಕ್ಕಳನ್ನು ಬಿಡಬಾರದು. ಕಾರಣ, ರಿಪೇರಿ ಕೆಲಸ. ಕೆಳಗೆ ಮೊಹರು ಕೂಡ ಇತ್ತು.

ಅಷ್ಟರಲ್ಲಿ ಯಾರೋ ಕಾಲಿನ ಪ್ರಶ್ನೆ ಎತ್ತಿದರು. ಮನುಷ್ಯನೋ ದೆವ್ವವೋ ಎಂದು ತಿಳಿಯಲು ಕಾಲು ನೋಡಬೇಕು, ದೆವ್ವಕ್ಕೆ ಪಾದ ಹಿಂದುಮುಂದು ಎನ್ನುವುದು ಮೈಸೂರಿನಿಂದ ಮುಂಬಯಿವರೆಗೆ ಎಲ್ಲರೂ ಬಲ್ಲ ಸಂಗತಿ. ಆದರೆ ಪುಣೆಯಿಂದ ಬಂದ ಮೇಲೆ ತಿರುಮಲೇಶನ ಪಾದವನ್ನು ಕಂಡವರಿರಲಿಲ್ಲ. ದೇವರ ಮುಂದೆ ನಿಂತಾಗಲೂ ಕಾಲುಚೀಲ. ಜುಲೈ ತಿಂಗಳ ಮಳೆಗಾಲದ ಜಿಗುಟು ಸೆಕೆಯಲ್ಲೂ ಕಾಲುಚೀಲ.

ಶಿವಕುಮಾರಿ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದಳು. ತಿರುಮಲೇಶ ದಿವಾನದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. ಅವಳು ಬೇಕೆಂದೇ ಬಟ್ಟಲು ಬೀಳಿಸಿ, ಎತ್ತಿಕೊಳ್ಳುವಂತೆ ಬಗ್ಗಿ ಪ್ಯಾಂಟಿನ ಅಂಚು ಸರಿಸಿ ನೋಡಿದಳು. ಮರುಗಳಿಗೆ ಅವಳ ಕಿರುಚಾಟಕ್ಕೆ ಅಡುಗೆಮನೆಯಲ್ಲಿದ್ದ ಅಮ್ಮಣ್ಣಿಯವರ ಕೈಯ ಸೌಟು ಕೆಳಗೆ ಬಿತ್ತು.

"ಅಮ್ಮಾ! ಹಿಮ್ಮಡಿ ಮುಂದಿದೆ! ಪಕ್ಕಾ! ನಾನು ಕಣ್ಣಾರೆ ನೋಡ್ದೆ!"

ಅವಳು ಸುಳ್ಳು ಹೇಳಲಿಲ್ಲ. ಹೊಟ್ಟೆಯಲ್ಲಿ ಐದು ತೂತುಗಳಿದ್ದ ತಿರುಮಲೇಶ ಬಗ್ಗಲಾರದೆ, ಬೆಳಿಗ್ಗೆ ಕುಳಿತಲ್ಲೇ ಹೇಗೋ ಆ ಬಿಗಿ ಚೀಲವನ್ನು ಏರಿಸಿಕೊಂಡಿದ್ದ. ಅದು ಹಿಂದುಮುಂದಾಗಿತ್ತು. ಹಿಮ್ಮಡಿಗೆಂದು ಬೂದು ಬಣ್ಣದಲ್ಲಿ ಉಬ್ಬಿಸಿ ಹೆಣೆದ ಭಾಗ ಪಾದದ ಮೇಲೆ ಗೋಪುರವಾಗಿ ನಿಂತಿತ್ತು. 'ಚೀಲ ತಿರುಗಿದೆ' ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇಂಥ ಚೀಲ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಬಂದರೆ ಸಂಕಲ್ಪಬಲ ಹೋಗುತ್ತದೆ. ತಿರುಮಲೇಶ ಕಾಲು ಮೇಲೆಳೆದುಕೊಂಡು ಹೊದಿಕೆ ಹೊದ್ದು ಗೋಡೆಯ ಕಡೆ ತಿರುಗಿದ. ಜೀವಂತ ಮನುಷ್ಯ ಮಾಡುವ ಕೆಲಸ ಅದಲ್ಲ ಎಂದು ನೋಡಿದವರಿಗೆಲ್ಲ ಅನ್ನಿಸಿತು.

ಮರುದಿನ, ಆಪರೇಷನ್ ಆಗಿ ಒಂಬತ್ತನೆಯ ದಿನ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಅಮ್ಮಣ್ಣಿಯವರು ಒಬ್ಬಟ್ಟು ಮಾಡಿದರು. ಪ್ರೇತ ಬೇರೇನನ್ನಾದರೂ ಮುಟ್ಟೀತು, ತಾಯಿ ತಟ್ಟಿದ ಒಬ್ಬಟ್ಟನ್ನು ಮುಟ್ಟುವುದಿಲ್ಲ ಎಂಬುದು ಅವರ ಶಾಸ್ತ್ರ. ಯಾವ ಗ್ರಂಥದಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೇಜಿನ ಸುತ್ತ ಪ್ರಿಯಂವದಾ, ಧಾತ್ರಿ, ಶಿವಕುಮಾರಿ. ಬಾಗಿಲಲ್ಲಿ ಸೆಕ್ರೆಟರಿ, ಅವರ ಬೆನ್ನ ಹಿಂದೆ ಎರಡನೇ ಮಹಡಿಯವರು. ತಟ್ಟೆಯಲ್ಲಿ ತುಪ್ಪ ಸುರಿದ ಒಂದು ಒಬ್ಬಟ್ಟು.

"ತಿನ್ನು ಮಗೂ" ಎಂದರು ಅಮ್ಮಣ್ಣಿಯವರು. "ನೀನೇ ಆಗಿದ್ರೆ ತಿನ್ನು."

ತಿರುಮಲೇಶ ತಾಯಿಯ ಮುಖ ನೋಡಿದ. ಎಪ್ಪತ್ತೆಂಟು ವರ್ಷದ ಮುದುಕಿ ಮಗನನ್ನು ಹುಡುಕುತ್ತಿದ್ದರು. ಗಟ್ಟಿ ಪದಾರ್ಥದ ಬಗ್ಗೆ ಯಾರೋ ಏನೋ ಹೇಳಿದ್ದು ಮಂಕಾಗಿ ನೆನಪಿಗೆ ಬಂತು. ಆಗ ಅವನು ಆಲ್ಬಮ್ಮು ನೋಡುತ್ತಿದ್ದ.

ಅವನು ಒಬ್ಬಟ್ಟು ತಿಂದ.

ಮುಕ್ಕಾಲು ಒಬ್ಬಟ್ಟು ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಾಳೆಯಾಯಿತು. ಅಮ್ಮಣ್ಣಿಯವರು ಮಗನ ಕೆನ್ನೆ ಸವರಿ ನೆಟಿಗೆ ತೆಗೆದರು. ಸೆಕ್ರೆಟರಿ ಲಿಫ್ಟಿನ ನೋಟೀಸು ಕೀಳಲು ಹೋದರು. ಕಾಲು ಗಂಟೆಯಲ್ಲಿ ತಿರುಮಲೇಶನ ಮೈಯಿಂದ ಬೆವರು ಹರಿಯತೊಡಗಿತು, ಎದೆ ದಡದಡ ಹೊಡೆದುಕೊಂಡಿತು. ಮೂರು ಗಂಟೆಗೆ ಮೈ ಬಿಸಿಯಾಯಿತು. "ಎಡಭುಜ, ಎಡಭುಜ" ಎಂದು ಕನವರಿಸತೊಡಗಿದ. ಹೊಟ್ಟೆ ನೋಯುತ್ತಿದೆಯೇ ಎಂದರೆ ಇಲ್ಲ ಎನ್ನುತ್ತಿದ್ದ. ಸೆಕ್ರೆಟರಿ ಕಿತ್ತ ನೋಟೀಸನ್ನು ಮತ್ತೆ ಹಚ್ಚಿದರು.

ಶಿವಕುಮಾರಿ ದಹಿಸರ್‌ನಿಂದ ಚನ್ನಬಸಯ್ಯನವರನ್ನು ಕರೆಸಿದಳು. ಧಾರವಾಡ ಕಡೆಯವರು, ರೈಲ್ವೆ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದ ಮೇಲೆ ವಿಭೂತಿ ಮಂತ್ರಿಸಿ ಕೊಡುತ್ತಿದ್ದರು. ಅವರು ಬಂದು ಕುಳಿತು ತಿರುಮಲೇಶನ ಮುಂಗೈ ಹಿಡಿದರು. ಕಣ್ಣು ಮುಚ್ಚಿದರು.

"ಏನ್ ಓಡಾಕತ್ತೈತ್ರಿ ಇದು!" ಎಂದರು ಮೆಲ್ಲಗೆ. "ಒಳಗಿಂದು ಹೊರಗ ಬರಾಕ ದಾರಿ ಹುಡುಕಾಕತ್ತೈತಿ. ಸಣ್ಣ ದಾರಿ ಸಿಕ್ಕೈತಿ ಅದಕ್ಕ. ಈಗ ಎಡ ಹೆಗಲ ಮ್ಯಾಲ ಕುಂತೈತಿ."

ಅಮ್ಮಣ್ಣಿಯವರು ಬಾಯಿಗೆ ಸೆರಗು ಒತ್ತಿಕೊಂಡರು. ತಿರುಮಲೇಶನಿಗೆ ಎಲ್ಲ ಮಾತೂ ಕೇಳಿಸುತ್ತಿತ್ತು. ಇಷ್ಟು ಜನ ಹೇಳುವಾಗ ತಾನು ದೆವ್ವವೇ ಆಗಿದ್ದರೂ ಇರಬಹುದು ಎನ್ನಿಸಿತು. ನಿಜವಾದ ತಿರುಮಲೇಶ ಬೊರಿವಲಿಯ ಆ ಬೆಳ್ಳನೆಯ ದೀಪದ ಕೆಳಗೆ ಏಳರ ಹತ್ತಿರವೇ ನಿಂತುಬಿಟ್ಟಿರಬಹುದು. ಅವನು ತನ್ನ ಪಾದ ನೋಡಿಕೊಳ್ಳಲು ಹೊರಟ. ತಲೆ ಎತ್ತಲಾಗಲಿಲ್ಲ.

ಐದು ಗಂಟೆಗೆ ಹಿಂದಿನ ಮೆಟ್ಟಿಲಿಗೆ ಯಾರೂ ಬಾರದ್ದನ್ನು ಕಂಡು ದೂಜ ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಬಂದ. ಅವನನ್ನು ನೋಡಿದ್ದೇ ಶಿವಕುಮಾರಿ, "ಇವನೇ! ಡಬ್ಬಿ ತರೋನು ಇವನೇ!" ಎಂದು ಸೆಕ್ರೆಟರಿಯ ಬೆನ್ನ ಹಿಂದೆ ಸೇರಿದಳು. ದೂಜ ಅವಳ ಕಡೆ ನೋಡಲಿಲ್ಲ. ಹಣೆಯ ವಿಭೂತಿ, ಬೆವರು, ಮೇಜಿನ ಮೇಲಿನ ಕಾಲು ಒಬ್ಬಟ್ಟು, ಎಲ್ಲದರ ಮೇಲೂ ಅವನ ಕಣ್ಣು ಹರಿಯಿತು.

"ನಾಡಿ ಎಷ್ಟುಂಟು?"

"ಓಡಾಕತ್ತೈತಿ" ಎಂದರು ಚನ್ನಬಸಯ್ಯ.

"ಓಡುದು ಗೊತ್ತುಂಟು ಸ್ವಾಮೀ. ಎಷ್ಟು?"

ಧಾತ್ರಿ ನಾಡಿಯ ಲೆಕ್ಕ ತೋರಿಸುವ ತನ್ನ ಕೈಗಡಿಯಾರ ಬಿಚ್ಚಿ ಅಪ್ಪನ ಕೈಗೆ ಕಟ್ಟಿದಳು. "ವನ್ ಥರ್ಟಿ ಫೋರ್! ಪಪ್ಪಾ ಕೋ ಕ್ಯಾ ಹೋ ರಹಾ ಹೈ?"

ದೂಜ ಡಬ್ಬಿ ಕೆಳಗಿಟ್ಟು, ಹೆಗಲ ಬಟ್ಟೆ ಸರಿಮಾಡಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತು ಒಂದೇ ಉಸಿರಿನಲ್ಲಿ ಒಪ್ಪಿಸಿದ. "ಹೊಲಿಗೆಯ ಜಾಗದಲ್ಲಿ ಲೀಕು ಒಂದು. ಅದರ ಗುರುತು: ನಾಡಿ ನೂರಿಪ್ಪತ್ತು ದಾಟುದು, ಜ್ವರ ಬರುದು, ಎಡಭುಜ ನೋವಾಗುದು. ಹೊಟ್ಟೆನೋವು ಇಲ್ಲದಿದ್ರೂ ಒಂದು ನಿಮಿಷ ಕಾಯ್ಲಿಕ್ಕಿಲ್ಲ. ಗಾಡಿ ತರಿಸಿ ಅಮ್ಮ! ಒಂಬತ್ತು ದಿನದ ಹಿಂದೆ ಇವರ ಹೊಟ್ಟೆ ಕೊಯ್ದದ್ದು!"

ಪ್ರಿಯಂವದಾ ನಿಧಾನವಾಗಿ ಬಂದು ಗಂಡನ ಬನಿಯನ್ ಎತ್ತಿದಳು. ಐದು ಪಟ್ಟಿಗಳು. ಅವಳು ಒಂದೊಂದನ್ನೂ ಬೆರಳಿನಿಂದ ಮುಟ್ಟಿದಳು.

ದೂಜ ಜೇಬಿನಿಂದ ಕೆಂಪು ಕಾರ್ಡು ತೆಗೆದು ಫೋನು ಮಾಡಿದ. ಬೊರಿವಲಿಯ ಡಾಕ್ಟರು, ಇಷ್ಟು ದೂರ ಬರಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ಅಲ್ಲಿಯವರ ಜೊತೆ ನಾನೇ ಮಾತಾಡುತ್ತೇನೆ ಎಂದರು. ಆಂಬುಲೆನ್ಸಿಗೆ ಹೊತ್ತವರಲ್ಲಿ ಚನ್ನಬಸಯ್ಯನವರೇ ಮುಂದೆ ಇದ್ದರು. ಪಾರ್ಸೆಲ್ ಆಫೀಸಿನ ಅನುಭವ ಉಪಯೋಗಕ್ಕೆ ಬಂತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಲೀಕು ಹೌದು ಎಂದರು. ಇನ್ನೊಂದು ರಾತ್ರಿ ಕಳೆದಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಎಂದರು. ಮತ್ತೆ ಒಪ್ಪಿಗೆಯ ಕಾಗದ ತಂದರು. ಸಹಿಗೆಂದು ಪೆನ್ನು ಕೊಟ್ಟರೆ ತಿರುಮಲೇಶ ತೆಗೆದುಕೊಳ್ಳಲಿಲ್ಲ.

"ಓದಿ" ಎಂದ.

ಪ್ರಿಯಂವದಾ ಒಂದೊಂದು ಸಾಲನ್ನೂ ಓದಿದಳು. ಅವನು ಒಂದೊಂದಕ್ಕೂ ಹೂಂ ಎಂದ. ಸಾವು ಎಂಬ ಪದ ಬಂದಾಗ ಅವಳ ದನಿ ನಿಂತಿತು. ಅದನ್ನೂ ಓದು ಎಂದು ಕಣ್ಣಿನಲ್ಲೇ ಹೇಳಿದ. ಓದಿ ಮುಗಿಸಿ ಅವಳು ಕಾಗದ ಮಡಿಸಿದಳು.

"ಸಂಘದಲ್ಲಿ ನಾನು ಮೊದಲು ಚಪ್ಪಾಳೆ ತಟ್ಟಿದ್ದು ನಿಮ್ಮ ಸಂಕಲ್ಪಬಲಕ್ಕಲ್ಲ ರೀ" ಎಂದಳು. "ಎಲ್ಲರೂ ನಗ್ತಿದ್ರಲ್ಲ, ಅದನ್ನ ನಿಲ್ಲಿಸೋಕೆ. ಆಪರೇಷನ್ ಅಂದಿದ್ರೆ ನಾನೇನು ಬೇಡ ಅಂತಿದ್ನಾ? ಜ್ವರಕ್ಕೆ ಬಿಸಿನೀರು ಕೊಟ್ಟ ಹಾಗೆ ಸುಮ್ನೆ ಜೊತೆಗೆ ಬರ್ತಿದ್ದೆ. ನನಗಿಂತ ಆ ಕುರ್ಚಿ ಹೆಚ್ಚಾಯ್ತಾ ನಿಮಗೆ?"

ಅವಳು ಸಹಿ ಹಾಕಿದಳು. ಸಾಕ್ಷಿಯ ಜಾಗಕ್ಕೆ ದೂಜನನ್ನು ಕರೆದಳು. ಸಂಬಂಧ ಎಂಬ ಖಾಲಿ ಜಾಗದಲ್ಲಿ ಏನು ಬರೆಯುವುದೆಂದು ದೂಜ ತಲೆ ಕೆರೆದುಕೊಂಡಾಗ, ಪೆನ್ನು ತಿರುಗಿ ತೆಗೆದುಕೊಂಡು 'ತಮ್ಮ' ಎಂದು ತಾನೇ ಬರೆದಳು.

ಒಳಗೆ ಮತ್ತೆ ಬೆಳ್ಳನೆಯ ದೀಪ. ಹತ್ತರಿಂದ ಹಿಂದಕ್ಕೆ ಎಣಿಸಿ ಎಂದರು. ತಿರುಮಲೇಶ ಹತ್ತರಿಂದ ತೊದಲುತ್ತಾ ಏಳಕ್ಕೆ ಬಂದು, ಇದ್ದ ಬಲವನ್ನೆಲ್ಲ ಒಟ್ಟುಮಾಡಿ ಆರು ಎಂದ. ಅವನ ಜೀವಮಾನದಲ್ಲಿ ಸಂಕಲ್ಪಬಲ ಕೆಲಸ ಮಾಡಿದ್ದು ಆ ಒಂದು ಸಲ.

ನಾಲ್ಕು ವಾರ ಆಸ್ಪತ್ರೆ. ಹೊಟ್ಟೆಯ ಪಕ್ಕದಿಂದ ಒಂದು ನಳಿಗೆ, ಮೂಗಿನಿಂದ ಒಂದು ನಳಿಗೆ. ತೂಕ ನೂರಾ ಎಂಟಕ್ಕೆ ಇಳಿದಿತ್ತು. ಬಿಲ್ಡಿಂಗಿನವರು ಸರದಿಯಲ್ಲಿ ಬಂದು ನೋಡಿ, ಹೋಗುವಾಗ ಮರೆಯದೆ ಪಾದವನ್ನೂ ನೋಡಿ ಹೋದರು. ಸೆಕ್ರೆಟರಿ ನೋಟೀಸು ಕಿತ್ತರು. ಶಿವಕುಮಾರಿ ಗಾಜಿನ ಕಣ್ಣಿನ ಪಟ್ಟಿ ಕೀಳಲಿಲ್ಲ, ಎಲ್ಲ ಮುಗಿಯಲಿ ನೋಡೋಣ ಎಂದಳು.

ಆಗಸ್ಟಿನ ನಡುವೆ, ತುಳುವರ ಆಟಿ ತಿಂಗಳು ಮುಗಿಯಲು ಎರಡು ದಿನವಿದ್ದಾಗ, ದೂಜ ಗಂಡ ಹೆಂಡತಿ ಇಬ್ಬರನ್ನೂ ಹೋಟೆಲಿಗೆ ಬರಹೇಳಿದ. ಮಧ್ಯಾಹ್ನದ ಗಿರಾಕಿ ಇಳಿದು ಟೇಬಲ್ಲುಗಳು ಖಾಲಿಯಾಗಿದ್ದವು. ತಿರುಮಲೇಶನ ಮುಂದೆ ಚಟ್ನಿ ಬಟ್ಟಲಿನಲ್ಲಿ ಮೆತ್ತಗೆ ಬೇಯಿಸಿದ ಎರಡು ಚಮಚ ಉಪ್ಪಿಟ್ಟು ಇಟ್ಟ. ಅವನು ಒಂದೂವರೆ ತಿಂದ. ಹಸಿವು ಇನ್ನೂ ಬಂದಿರಲಿಲ್ಲ.

"ಈಗ ಹಿಂದೆ ಬನ್ನಿ ಸಾರ್" ಎಂದ ದೂಜ.

ಹಿಂದೆ ಅಕ್ಕಿ ಬೇಳೆ ಇಡುವ ಸ್ಟೋರ್ ರೂಮು. ನೆಲ ಒರೆಸಿ ಒಂದು ಬಾಳೆಲೆ ಹಾಸಿದ್ದ. ಎಲೆಯ ಮೇಲೆ ಎರಡು ಮಸಾಲೆದೋಸೆ, ನಾಲ್ಕು ಉದ್ದಿನವಡೆ, ಗೋಳಿಬಜೆ, ಶಿರಾ, ಪಕ್ಕದಲ್ಲಿ ಲೋಟ ತುಂಬ ಕಾಫಿ. ಇಪ್ಪತ್ತು ವರ್ಷ ಪ್ರತಿ ಶನಿವಾರ ತಿರುಮಲೇಶ ಕೊಡುತ್ತಿದ್ದ ಆರ್ಡರು. ಒಂದು ಚಟ್ನಿ ಕೂಡ ಆಚೀಚೆಯಾಗಿರಲಿಲ್ಲ.

"ಆಟಿಯಲ್ಲಿ ಹೋದವರಿಗೆ ಬಡಿಸುವ ಕ್ರಮ ಉಂಟು ನಮ್ಮಲ್ಲಿ" ಎಂದ ದೂಜ. "ಬಡಿಸಿ, ಬಾಗಿಲು ಹಾಕಿ, ಹೊರಗೆ ನಿಲ್ಲುದು. ಅವರಿಗೆ ಮುಟ್ಟುವವರೆಗೆ ಒಳಗೆ ನೋಡ್ಲಿಕ್ಕಿಲ್ಲ."

"ಯಾರು ಹೋಗಿದ್ದಾರೆ ದೂಜಾ ಇಲ್ಲಿ?" ಎಂದಳು ಪ್ರಿಯಂವದಾ.

"ಮುಕ್ಕಾಲು ಪಾಲು ಹೋಗಿದೆ ಅಲ್ವಾ ಅಮ್ಮ. ಅಷ್ಟು ವರ್ಷ ದುಡಿದದ್ದು. ಕ್ರಿಯೆ ಮಾಡದೆ ಬಿಸಾಡಿದ್ದಾರೆ. ಅದು ಎಲ್ಲಿ ತಿರುಗ್ತಾ ಉಂಟೋ."

ತಿರುಮಲೇಶ ನಗಬೇಕೆಂದುಕೊಂಡ. ನಗು ಬರಲಿಲ್ಲ. ದೂಜ ಕೈಮುಗಿದು, ತುಳುವಿನಲ್ಲಿ ಎರಡು ಮಾತು ಹೇಳಿ ಬಾಗಿಲು ಎಳೆದುಕೊಂಡ. ಮೂವರೂ ಹೊರಗೆ ನಿಂತರು. ಒಳಗೆ ಸದ್ದಿಲ್ಲ. ದೂರದಲ್ಲಿ ಸಯನ್ ಸ್ಟೇಷನ್ನಿನ ಲೋಕಲ್ ಬಂದು ನಿಂತು ಹೋಯಿತು. ಪ್ರಿಯಂವದಾ ಗಂಡನ ಕೈ ಹಿಡಿದುಕೊಂಡಳು, ಅದು ತಣ್ಣಗಿತ್ತು.

ಆಗ ತಿರುಮಲೇಶನಿಗೆ ತೇಗು ಬಂತು.

ಒಂದೂವರೆ ಚಮಚ ಉಪ್ಪಿಟ್ಟಿನ ತೇಗಲ್ಲ ಅದು. ಎರಡು ಮಸಾಲೆದೋಸೆ, ನಾಲ್ಕು ವಡೆ ಉಂಡು ಬೆಲ್ಟು ಸಡಿಲಿಸಿದವನ ತೇಗು, ನೂರಾ ಮೂವತ್ತೊಂದು ಕೆಜಿಯ ಹಳೆಯ ತೇಗು. ಬಾಯಲ್ಲಿ ತೆಂಗಿನಕಾಯಿ ಚಟ್ನಿಯ ರುಚಿ ಬಂತು. ಗಾಳಿ ನುಂಗಿದರೆ ಹೀಗಾಗುತ್ತದೆಂದು ಡಾಕ್ಟರು ಹೇಳಿದ್ದು ಅವನಿಗೆ ನೆನಪಿತ್ತು. ಅದನ್ನು ಹೇಳಲು ಬಾಯಿ ತೆರೆದ. ಹೆಂಡತಿ ತನ್ನನ್ನೇ ನೋಡುತ್ತಿದ್ದುದನ್ನು ಕಂಡು ಸುಮ್ಮನಾದ.

ದೂಜ ಹೆಗಲ ಮೇಲಿನ ಬಟ್ಟೆ ತೆಗೆದುಕೊಂಡು, ಎಲೆ ಎತ್ತಲು ಬಾಗಿಲ ಚಿಲಕಕ್ಕೆ ಕೈಹಾಕಿದ.

"ಮುಟ್ಟಿತು, ಸಾರ್" ಎಂದ.